1720ರ ಮಗು 1719ರ ಪಟ್ಟಿಯಲ್ಲಿತ್ತು

ನನ್ನ ಗಂಡನ ಮನೆಯವರು ಇಂಗ್ಲೆಂಡಿನವರು. ಅವರ ವಂಶದ ಹಿರಿಯರೊಬ್ಬರು 1790ರಲ್ಲಿ ಎಪ್ಪತ್ತನೇ ವಯಸ್ಸಿಗೆ ತೀರಿಕೊಂಡದ್ದು ಗೊತ್ತಿತ್ತು. ಹುಟ್ಟಿದ ದಾಖಲೆ ಮಾತ್ರ ಸಿಗುತ್ತಿರಲಿಲ್ಲ. ಸರ್ಕಾರಿ ಜನನ ನೋಂದಣಿ ಅಲ್ಲಿ ಶುರುವಾದದ್ದೇ 1837ರ ಜುಲೈಯಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಚರ್ಚ್ ರಿಜಿಸ್ಟರೇ ಗತಿ. ಅದರಲ್ಲೂ ಸಾಮಾನ್ಯವಾಗಿ ಇರುವುದು ದೀಕ್ಷಾಸ್ನಾನದ ದಿನ, ಹುಟ್ಟಿದ ದಿನವಲ್ಲ. ನಮಗೆ ಬೇಕಾದ ಹಾಳೆಗಳಂತೂ ತೇವ ಹಿಡಿದು ಓದಲಾಗದಂತಿದ್ದವು.

ಕೈಹಿಡಿದದ್ದು ಬಿಷಪ್ಸ್ ಟ್ರಾನ್ಸ್‌ಕ್ರಿಪ್ಟ್. 1598ರಿಂದ ಪ್ರತಿ ಚರ್ಚೂ ಆ ವರ್ಷದ ದಾಖಲೆಗಳ ನಕಲು ತೆಗೆದು ಬಿಷಪ್ಪರಿಗೆ ಕಳಿಸಬೇಕಿತ್ತು. (ಎಲ್ಲರೂ ಕಳಿಸಲಿಲ್ಲ, ಅದು ಬೇರೆ ಮಾತು.) ನಮ್ಮ ಅದೃಷ್ಟಕ್ಕೆ ಕೌಂಟಿ ರೆಕಾರ್ಡ್ ಆಫೀಸಿನಲ್ಲಿ ಆ ಊರಿನ ನಕಲು ಉಳಿದಿತ್ತು. ಆದರೆ 1720ರ ಪಟ್ಟಿಯಲ್ಲಿ ಹೆಸರಿಲ್ಲ! 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಮ್ಮಿ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ 1719ರ ಪಟ್ಟಿಯ ಕೊನೆ ನೋಡಿದೆ. ಫೆಬ್ರವರಿ ತಿಂಗಳು, ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಎಲ್ಲ ಇತ್ತು. ಈಗಿನ ಲೆಕ್ಕದಲ್ಲಿ ಅದು 1720.

ಅಷ್ಟಕ್ಕೇ ಖುಷಿಪಡುವಂತಿಲ್ಲ. ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೂ ಅದೇ ಹೆಸರಿಡುವುದು ಆಗ ಮಾಮೂಲು. ಅದಕ್ಕೇ ಮಣ್ಣು ಮಾಡಿದವರ ಪಟ್ಟಿಯನ್ನೂ ಮುಂದಿನ ಕೆಲವು ವರ್ಷಗಳವರೆಗೆ ನೋಡಿದೆವು. ಸದ್ಯ, ಆ ಹೆಸರು ಅಲ್ಲಿರಲಿಲ್ಲ.