ಮೊದಲು ಇಳಿಸೋಣ, ಆಮೇಲೆ ಎತ್ತೋಣ ಅಂದುಕೊಂಡು ನಾನು ಕೆಟ್ಟೆ

ಮೊದಲ ಸಲ ತೂಕ ಇಳಿಸಿದಾಗ ನಾನು ಡಂಬೆಲ್ ಮುಟ್ಟಲೇ ಇಲ್ಲ. ಆಗ 94 ಕೆಜಿ ಇದ್ದೆ. ಮೊದಲು ಕೊಬ್ಬು ಕರಗಲಿ, ಆಮೇಲೆ ಮೈ ಗಟ್ಟಿ ಮಾಡಿಕೊಂಡರಾಯಿತು ಅನ್ನುವುದು ನನ್ನ ಲೆಕ್ಕ. ಈಗಲೇ ಭಾರ ಎತ್ತಿದರೆ ಕೊಬ್ಬಿನ ಕೆಳಗೆ ಸ್ನಾಯುವೂ ಬೆಳೆದು ಇನ್ನಷ್ಟು ದಪ್ಪ ಕಾಣುತ್ತೇನೇನೋ ಅನ್ನುವ ಭಯ ಬೇರೆ. ನಿಜ ಹೇಳಬೇಕೆಂದರೆ ಅದೆಲ್ಲ ನೆಪ. ಈ ಹೊಟ್ಟೆ ಇಟ್ಟುಕೊಂಡು ಜಿಮ್ಮಿನ ಕನ್ನಡಿ ಮುಂದೆ ನಿಲ್ಲಲು ನಾಚಿಕೆ, ಅಷ್ಟೇ. ಕೆಲಸದವರು ಬರುತ್ತಾರೆ ಅಂತ ಅವರಿಗಿಂತ ಮೊದಲೇ ಮನೆ ಗುಡಿಸಿಡುತ್ತಾರಲ್ಲ, ಹಾಗೆ.

ಊಟ ಅರ್ಧಕ್ಕೆ ಇಳಿಸಿದೆ, ದಿನಾ ಒಂದು ಗಂಟೆ ನಡೆದೆ. ಏಳು ತಿಂಗಳಲ್ಲಿ 13 ಕೆಜಿ ಹೋಯಿತು. ನೋಡಿದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ. ಒಂದು ದಿನ ಫೋನಿನ ಚಾರ್ಜರ್ ಮಂಚದ ಕೆಳಗೆ ಬಿತ್ತು. ನೆಲದ ಮೇಲೆ ಕೂತು ತೆಗೆದೆ, ಏಳಲು ಹೋದರೆ ಆಗುತ್ತಿಲ್ಲ. ಒಂದು ಕೈ ಮಂಚಕ್ಕೆ ಕೊಟ್ಟು, ಇನ್ನೊಂದನ್ನು ಮಂಡಿಗೆ ಒತ್ತಿ, ಉಸ್ಸಪ್ಪಾ ಅಂತ ಎದ್ದೆ. 94 ಕೆಜಿ ಇದ್ದಾಗ ಹೀಗೆ ಆಗಿರಲಿಲ್ಲ. ಹೊರುವ ಭಾರ ಕಡಿಮೆಯಾಗಿದೆ, ಆದರೂ ಏಳುವುದು ಕಷ್ಟವಾಗಿದೆ. ಎಲ್ಲೋ ಎಡವಟ್ಟಾಗಿದೆ, ಅಲ್ವಾ?

ಆಗಿದ್ದು ಇಷ್ಟು. ಊಟ ಕಡಿಮೆ ಬಿದ್ದಾಗ ದೇಹ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ, ಕೆಲಸವಿಲ್ಲದೆ ಕೂತಿರುವ ಸ್ನಾಯುವಿಗೂ ಕೈ ಹಾಕುತ್ತದೆ. ಬರೀ ಊಟ ಕಡಿಮೆ ಮಾಡಿ ಇಳಿಸಿದರೆ, ಹೋದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು ಇರಬಹುದು. ಅದರಲ್ಲಿ ನೀರೂ ಸೇರಿದೆ, ಸ್ನಾಯುವೂ ಸೇರಿದೆ. ಆ ಲೆಕ್ಕದಲ್ಲಿ ನನ್ನ 13ರಲ್ಲಿ ಮೂರು ಕೆಜಿ ಹೋಗಬಾರದ್ದೇ ಹೋಗಿತ್ತು. ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಊಟ ಹಳೇ ದಾರಿಗೆ ಬಂತು, ವರ್ಷದೊಳಗೆ 9 ಕೆಜಿ ವಾಪಸ್ ಬಂತು. ಬಂದಿದ್ದು ಮಾತ್ರ ಹೆಚ್ಚುಕಡಿಮೆ ಬರೀ ಕೊಬ್ಬು. ನನಗೆ ಅದನ್ನು ಹೇಳಿದ್ದು ಬೆಲ್ಟು. 90 ಕೆಜಿ ಇದ್ದರೂ 94ರಲ್ಲಿ ಹಾಕುತ್ತಿದ್ದ ತೂತಿಗೇ ಬಂದು ನಿಂತಿತ್ತು.

ಎರಡನೇ ಸಲ ಕಾಯಲಿಲ್ಲ. ಬಿಪಿ ಸ್ವಲ್ಪ ಜಾಸ್ತಿ ಇದ್ದುದರಿಂದ ಡಾಕ್ಟರಿಗೆ ತೋರಿಸಿಕೊಂಡು, ಅವತ್ತಿನ ತೂಕದಲ್ಲೇ ಶುರು ಮಾಡಿದೆ. ವಾರಕ್ಕೆ ಮೂರು ದಿನ, ನಲವತ್ತು ನಿಮಿಷ. ಕುರ್ಚಿಯಲ್ಲಿ ಕೂತು ಏಳುವುದು, ಗೋಡೆಗೆ ಕೈ ಕೊಟ್ಟು ಪುಷ್ ಅಪ್, ಬೆಂಚಿಗೆ ಒಂದು ಕೈ ಊರಿ ಇನ್ನೊಂದರಲ್ಲಿ 5 ಕೆಜಿ ಡಂಬೆಲ್ ಎಳೆಯುವುದು. ಹತ್ತು ಸಲದ ಮೂರು ಸೆಟ್. ಹನ್ನೆರಡು ಸಲ ಸಲೀಸಾಗಿ ಬಂದರೆ ಭಾರ ಸ್ವಲ್ಪ ಏರಿಸುವುದು. ವಿಶ್ವ ಆರೋಗ್ಯ ಸಂಸ್ಥೆಯೂ ದೊಡ್ಡವರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಇಂಥ ವ್ಯಾಯಾಮ ಬೇಕು ಅನ್ನುತ್ತದೆ. ಮೊದಲು ತೂಕ ಇಳಿಸಿಕೊಂಡು ಬನ್ನಿ ಅನ್ನುವ ಷರತ್ತು ಅಲ್ಲಿಲ್ಲ.

ದಪ್ಪಗಿರುವುದರಲ್ಲಿ ಒಂದು ಲಾಭ ಇದೆ ಅಂತ ಗೊತ್ತಾಗಿದ್ದೂ ಆಗಲೇ. ದಿನಾ 90 ಕೆಜಿ ಹೊತ್ತು ತಿರುಗುವ ಕಾಲು ಪರವಾಗಿಲ್ಲ ಅನ್ನುವಷ್ಟು ಗಟ್ಟಿ ಇರುತ್ತದೆ. ಕೂತು ಏಳುವ ಸ್ಕ್ವಾಟ್‌ನಲ್ಲಿ ಬೇಗ ಮುಂದೆ ಹೋದೆ. ಆದರೆ 'ಜಿಮ್ ಬೇಡ, ಸುಮ್ನೆ ಮನೆಯಲ್ಲಿ ನೆಲದ ಮೇಲೆ ಪುಷ್ ಅಪ್ ಮಾಡು' ಅನ್ನುವ ಸಲಹೆ ಇದೆಯಲ್ಲ, ಅದು ತೆಳ್ಳಗಿರುವವರ ಸಲಹೆ. ನನಗೆ ನನ್ನ ಮೈಯೇ ಎಲ್ಲಕ್ಕಿಂತ ದೊಡ್ಡ ಭಾರ, ಅದನ್ನು ಕಡಿಮೆ ಮಾಡಿಕೊಂಡು ಎತ್ತಲು ಆಗುತ್ತದಾ? ಡಂಬೆಲ್, ಮೆಷಿನ್ ಆದರೆ ಎರಡು ಕೆಜಿಯಿಂದ ಬೇಕಾದರೂ ಶುರು ಮಾಡಬಹುದು. ಹಾರುವ, ಜಿಗಿಯುವ ವ್ಯಾಯಾಮವನ್ನೂ ಒಂದು ವಾರ ಮಾಡಿ ನೋಡಿದೆ. ಮಂಡಿ ಬೇಡ ಅಂತು, ಬಿಟ್ಟೆ.

ಮೂರನೇ ವಾರ ತಕ್ಕಡಿ ಹತ್ತಿದರೆ 1.2 ಕೆಜಿ ಜಾಸ್ತಿ! ಅವತ್ತೇ ಎಲ್ಲ ಬಿಟ್ಟುಬಿಡುತ್ತಿದ್ದೆ. ಆಮೇಲೆ ಓದಿ ತಿಳಿದುಕೊಂಡೆ. ಹೊಸದಾಗಿ ದುಡಿದ ಸ್ನಾಯು ರಿಪೇರಿಗೆ ನೀರು ಹಿಡಿದುಕೊಳ್ಳುತ್ತದೆ, ಜೊತೆಗೆ ಗ್ಲೈಕೋಜನ್, ಅಂದರೆ ದೇಹ ದಾಸ್ತಾನು ಮಾಡುವ ಸಕ್ಕರೆ, ಕೂಡಿಡುತ್ತದೆ, ಆ ಗ್ಲೈಕೋಜನ್ ತನ್ನ ಮೂರು ಪಟ್ಟು ನೀರನ್ನು ಜೊತೆಗೆ ಕಟ್ಟಿಕೊಂಡು ಬರುತ್ತದೆ. ಟೇಪ್ ಹಿಡಿದು ನೋಡಿದರೆ ಸೊಂಟ 2 ಸೆಂಟಿಮೀಟರ್ ಕಡಿಮೆಯಾಗಿತ್ತು. ಅಲ್ಲಿಂದಾಚೆಗೆ ತಕ್ಕಡಿ ಹದಿನೈದು ದಿನಕ್ಕೊಮ್ಮೆ, ಟೇಪ್ ವಾರಕ್ಕೊಮ್ಮೆ. ದಪ್ಪ ಕಾಣುತ್ತೇನೆ ಅನ್ನುವ ಭಯವೂ ಹೋಯಿತು, ಏಕೆಂದರೆ ಮೊದಲ ಆರೆಂಟು ವಾರದಲ್ಲಿ ಶಕ್ತಿ ಬರುವುದು ಹೆಚ್ಚಾಗಿ ನರಗಳು ಕೆಲಸ ಕಲಿಯುವುದರಿಂದ, ಸ್ನಾಯು ಉಬ್ಬುವುದರಿಂದ ಅಲ್ಲ.

ಊಟದಲ್ಲೂ ಈ ಸಲ ಅರ್ಧ ಕಡಿತ ಇಲ್ಲ. ಒಂದು ದಿನ ಹಳೇ ಚಟದಲ್ಲಿ ಊಟ ಬಿಟ್ಟು ಹೋಗಿದ್ದೆ, ಮೂರನೇ ಸೆಟ್‌ಗೆ ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತೆ. ಆಮೇಲೆ ದಿನಕ್ಕೆ 400–500 ಕ್ಯಾಲೊರಿ ಮಾತ್ರ ಕಡಿಮೆ, ಪ್ರೋಟೀನ್ ಮಾತ್ರ ದೇಹದ ಪ್ರತಿ ಕೆಜಿಗೆ 1.2 ಗ್ರಾಮ್‌ಗಿಂತ ಕೆಳಗೆ ಇಳಿಯದ ಹಾಗೆ. ಸ್ನಾಯು ಬೆಳೆದರೆ ಮಲಗಿದ್ದರೂ ಕೊಬ್ಬು ಕರಗುತ್ತದೆ ಅನ್ನುವವರನ್ನು ಜಾಸ್ತಿ ನಂಬಬೇಡಿ. ಒಂದು ಕೆಜಿ ಸ್ನಾಯು ಸುಮ್ನೆ ಕೂತಾಗ ದಿನಕ್ಕೆ ಸುಟ್ಟುಹಾಕುವುದು ಸುಮಾರು 13 ಕ್ಯಾಲೊರಿ, ಒಂದು ಬಿಸ್ಕತ್ತಿಗೂ ಸಾಲದು. ಇಳಿಸುವ ಕೆಲಸ ಊಟದ್ದೇ. ಇಳಿಯುವಾಗ ಸ್ನಾಯು ಸೋರಿ ಹೋಗದ ಹಾಗೆ ಕಾಯುವುದು ಡಂಬೆಲ್‌ನ ಕೆಲಸ.

ಹನ್ನೊಂದು ತಿಂಗಳಿಗೆ ಮತ್ತೆ 81ಕ್ಕೆ ಬಂದೆ. ಮೊದಲ ಸಲ ನಿಂತಿದ್ದೂ ಅಲ್ಲೇ. ಬೆಲ್ಟು ಮಾತ್ರ ಆಗಿನದಕ್ಕಿಂತ ಎರಡು ತೂತು ಒಳಗೆ. ನೆಲದಿಂದ ಕೈ ಊರದೆ ಏಳುತ್ತೇನೆ, 20 ಕೆಜಿ ಡಂಬೆಲ್ ಎದೆಗೆ ಹಿಡಿದು ಸ್ಕ್ವಾಟ್ ಮಾಡುತ್ತೇನೆ. ಪುಲ್ ಅಪ್ ಇನ್ನೂ ಒಂದೂ ಬಂದಿಲ್ಲ. ರಾಡಿಗೆ ಜೋತುಬಿದ್ದು ಮೂವತ್ತು ಸೆಕೆಂಡ್ ಎಣಿಸಿ ಇಳಿಯುತ್ತೇನೆ.