ಬಾಟಲಿಯಲ್ಲಿ ಮಳೆ ಅಳೆಯುವುದು ಹೇಗೆ? ಮೊದಲು ಸೊನ್ನೆ ಸರಿ ಮಾಡಿ

ಜೂನ್ ಬಂತೆಂದರೆ ಮುಂಬಯಿಯ ಮಕ್ಕಳಿಗೆ ಮಳೆಮಾಪಕದ ಪ್ರಾಜೆಕ್ಟ್ ಶುರು. ಕತ್ತರಿಸಿದ ಬಾಟಲಿ, ಅದಕ್ಕೆ ಬಣ್ಣದ ಕಾಗದದ ಪಟ್ಟಿ, ಆಮೇಲೆ ಕಿಟಕಿಯ ಗ್ರಿಲ್‌ನಲ್ಲಿ ಪ್ರತಿಷ್ಠಾಪನೆ. ನೋಡಲು ಚೆಂದವೇ. ಅದರಲ್ಲಿ ತುಂಬುವುದು ಮಾತ್ರ ಮೇಲಿನ ಮನೆಯ ಸಜ್ಜಾದಿಂದ ಇಳಿದ ನೀರು, ಜೊತೆಗೆ ಪಕ್ಕದವರ ಎಸಿ ನೀರು.

ಟಿವಿಯಲ್ಲಿ ಹೇಳುವ ಲೆಕ್ಕ ಸಾಲದೇ ಅಂದರೆ, ಸಾಲದು. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿಯಿತು. ಅದೇ ಹೊತ್ತಿಗೆ ಅದೇ ಮುಂಬಯಿಯ ಕೊಲಾಬಾದಲ್ಲಿ 75 ಕೂಡ ದಾಟಲಿಲ್ಲ. ಹಾಗಾಗಿ ಮುಂಬಯಿ ಹತ್ತಿರದ ಡೊಂಬಿವಲಿಯ ಮಳೆಯನ್ನು ಡೊಂಬಿವಲಿಯಲ್ಲೇ ಅಳೆಯಬೇಕು.

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತನ್ನಿ. ಮನೆಯಲ್ಲಿಲ್ಲದಿದ್ದರೆ ಭಂಗಾರ್‌ವಾಲನ (ಗುಜರಿಯವನ) ಹತ್ತಿರ ಸಿಗುತ್ತದೆ. ನಡು ಸಣ್ಣಗಿರುವ ಬಾಟಲಿ ಬೇಡ, ಸುತ್ತ ಗೆರೆಗೆರೆಯಾಗಿ ಸುಕ್ಕಿರುವ ನೀರಿನ ಬಾಟಲಿಯಂತೂ ಬೇಡವೇ ಬೇಡ. ಗೋಡೆ ನೆಟ್ಟಗೆ, ನುಣ್ಣಗೆ ಇರಬೇಕು. ಕುತ್ತಿಗೆ ಶುರುವಾಗುವ ಜಾಗದಲ್ಲಿ, ಬಾಟಲಿ ಪೂರ್ತಿ ಅಗಲ ಇರುವಲ್ಲೇ ಕತ್ತರಿಸಿ. ಈ ಕೆಲಸ ದೊಡ್ಡವರದು. ಮೇಲಿನ ತುಂಡಿನ ಮುಚ್ಚಳ ತೆಗೆದು, ತಲೆಕೆಳಗೆ ಮಾಡಿ ಒಳಗೆ ಕೂರಿಸಿ ಟೇಪ್ ಹಚ್ಚಿ. ಮುಚ್ಚಳ ತೆಗೆಯಲು ಮರೆಯುವವರೂ ಇದ್ದಾರೆ, ಅದಕ್ಕೇ ಹೇಳಿದೆ.

ಅಡುಗೆಮನೆಯ ದೊಡ್ಡ ಫನೆಲ್ ಇಟ್ಟರೆ ಜಾಸ್ತಿ ನೀರು ಸಿಗುತ್ತದಲ್ವಾ ಅಂತ ಕೆಲವರ ಲೆಕ್ಕಾಚಾರ. ಸಿಗುತ್ತದೆ, ಲೆಕ್ಕವೂ ಕೆಡುತ್ತದೆ. 10 ಸೆಂ.ಮೀ. ಬಾಟಲಿಯ ಮೇಲೆ 20 ಸೆಂ.ಮೀ. ಫನೆಲ್ ಇಟ್ಟರೆ ನೀರು ನಾಲ್ಕು ಪಟ್ಟು ಏರುತ್ತದೆ. ಬಾಯಿ ಮತ್ತು ಬಾಟಲಿ ಒಂದೇ ಅಗಲ ಇದ್ದರೆ ಮಾತ್ರ ಸ್ಕೇಲಿನ ಮಿ.ಮೀ. ನೇರವಾಗಿ ಮಳೆಯ ಮಿ.ಮೀ. ಆಗುತ್ತದೆ.

ಈಗ ಸೊನ್ನೆ. ಎಲ್ಲರೂ ಎಡವುವುದು ಇಲ್ಲೇ. ಈ ಬಾಟಲಿಗಳ ತಳ ಸಮ ಇರುವುದಿಲ್ಲ, ಐದು ಉಬ್ಬುಗಳ ಮೇಲೆ ನಿಂತಿರುತ್ತದೆ. ತಳದಿಂದಲೇ ಸ್ಕೇಲು ಅಂಟಿಸಿದರೆ ಮೊದಲ ಕೆಲವು ಸೆಂಟಿಮೀಟರ್ ಪೂರ್ತಿ ಸುಳ್ಳು. ಹಾಗಾಗಿ ಮೊದಲು ತಳಕ್ಕೆ ತೊಳೆದ ಸಣ್ಣ ಜಲ್ಲಿಕಲ್ಲು ಹಾಕಿ, ಗಾಳಿಗೆ ಬಾಟಲಿ ಉರುಳದಿರಲೂ ಅದು ಬೇಕು. ಆಮೇಲೆ ನೀರು ಹಾಕಿ. ಎಷ್ಟು? ತಳದ ಉಬ್ಬುತಗ್ಗು ಮುಗಿದು ಗೋಡೆ ನೆಟ್ಟಗಾಗುವ ಜಾಗದಿಂದ ಒಂದು ಬೆರಳು ಮೇಲಿನವರೆಗೆ. ಕಲ್ಲುಗಳೆಲ್ಲ ಪೂರ್ತಿ ಮುಳುಗಿರಲೇಬೇಕು. ಒಂದು ಕಲ್ಲು ತಲೆ ಎತ್ತಿದ್ದರೂ ಅಲ್ಲಿ ನೀರಿಗೆ ಜಾಗ ಕಡಿಮೆಯಾಗಿ ಅಳತೆ ಜಾಸ್ತಿ ತೋರಿಸುತ್ತದೆ. ಬಾಟಲಿ ತಟ್ಟಿ ಗಾಳಿಗುಳ್ಳೆ ಬಿಡಿಸಿ. ಸಮ ಜಾಗದಲ್ಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ನೋಡಿ. ಅಂಚಿನಲ್ಲಿ ನೀರು ಗೋಡೆ ಹತ್ತಿದಂತೆ ಕಾಣುತ್ತದೆ, ಅದನ್ನು ಬಿಟ್ಟು ನಡುವಿನ ಮಟ್ಟಕ್ಕೆ ಪರ್ಮನೆಂಟ್ ಮಾರ್ಕರ್‌ನಿಂದ ಗೆರೆ ಹಾಕಿ. ಅದೇ ಸೊನ್ನೆ.

ಇನ್ನೂ ಒಂದು ಮೋಸ ಇದೆ. ಕಂಪಾಸ್ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲಿನ ತುದಿಯೇ ಸೊನ್ನೆಯಲ್ಲ, ಮೊದಲು ಸ್ವಲ್ಪ ಖಾಲಿ ಜಾಗ ಇರುತ್ತದೆ. ಗೆರೆಗೆ ಕೂಡಿಸಬೇಕಾದ್ದು ಸ್ಕೇಲಿನ ಸೊನ್ನೆಯನ್ನು. ಕಾಗದದ ಪಟ್ಟಿ ಮೊದಲ ಜಡಿಮಳೆಗೇ ಕರಗಿ ಹೋಗುತ್ತದೆ, ಅದರ ಗೊಡವೆಯೇ ಬೇಡ. ಸುಮ್ನೆ ಸ್ಕೇಲನ್ನೇ ಟೇಪಿನಿಂದ ಸುತ್ತಿ ಬಿಗಿಯಿರಿ. ಆನ್‌ಲೈನಿನ ಅಗ್ಗದ ಮಾಪಕಗಳಿಗಿಂತ ನನಗೆ ಇದರ ಮೇಲೇ ನಂಬಿಕೆ.

ಇಡುವುದು ಟೆರೇಸಿನಲ್ಲಿ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯನ್ನು ಮೊದಲೇ ಕೇಳಿಬಿಡಿ, ಇಲ್ಲದಿದ್ದರೆ ಸಂಜೆಯೊಳಗೆ ಬಾಟಲಿ ಕಸದ ಡಬ್ಬಿ ಸೇರುತ್ತದೆ. ಗೋಡೆಯೋ ಟ್ಯಾಂಕೋ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟು ದೂರ ಬಿಡಿ: ನಾಲ್ಕಡಿ ಗೋಡೆಗೆ ಎಂಟಡಿ. ಹಳೇ ಪೇಂಟ್ ಡಬ್ಬಕ್ಕೆ ತಳದಲ್ಲಿ ತೂತು ಮಾಡಿ, ಇಟ್ಟಿಗೆ ಚೂರು ತುಂಬಿ, ನಡುವೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಬಾಟಲಿಯ ಬಾಯಿ ಡಬ್ಬದ ಅಂಚಿಗಿಂತ ಸಾಕಷ್ಟು ಮೇಲಿರಲಿ, ಇಲ್ಲದಿದ್ದರೆ ಸಿಡಿದ ನೀರು ಒಳಗೆ ಬೀಳುತ್ತದೆ.

ಹವಾಮಾನ ಇಲಾಖೆ ಓದುವುದು ಬೆಳಿಗ್ಗೆ 8.30ಕ್ಕೆ. ಮಕ್ಕಳು ಅಷ್ಟೊತ್ತಿಗೆ ಶಾಲೆಯಲ್ಲಿದ್ದರೆ 6.30ಕ್ಕೆ ಓದಲಿ, ಆದರೆ ದಿನಾ ಅದೇ ಹೊತ್ತಿಗೆ. ಅಪ್ಪ ಅಮ್ಮ ಓದಿ ಹೇಳುವುದು ಬೇಡ, ಮಗುವೇ ಬಗ್ಗಿ ನೋಡಲಿ. ಇವತ್ತು ಓದಿದ್ದನ್ನು ಇವತ್ತಿನ ತಾರೀಖಿಗೇ ಬರೆಯಿರಿ. 2.5 ಮಿ.ಮೀ. ಆದರೆ ಇಲಾಖೆಯ ಲೆಕ್ಕದಲ್ಲಿ ಅದು ಮಳೆಯ ದಿನ, 64.5 ದಾಟಿದರೆ ಭಾರಿ ಮಳೆ, 204.5 ಆದರೆ ಅತ್ಯಂತ ಭಾರಿ.

ಓದಿದ ಮೇಲೆ ಜಾಸ್ತಿ ನೀರನ್ನು ಸೊನ್ನೆಯವರೆಗೆ ಚೆಲ್ಲಿ. ಬಿಸಿಲು ಬಿದ್ದ ದಿನ ನೀರು ಗೆರೆಗಿಂತ ಕೆಳಗಿಳಿದಿರುತ್ತದೆ, ಆಗ ಮತ್ತೆ ಗೆರೆವರೆಗೆ ತುಂಬಿಸಿ. ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಕಲ್ಲು ತಿಕ್ಕಿ ತೊಳೆಯಿರಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ. ಜುಲೈಯ ಜೋರು ಮಳೆಗೆ ಬಾಟಲಿ ಸಾಲುವುದಿಲ್ಲ. ಅಂಥ ದಿನ ರಾತ್ರಿ ಮಲಗುವ ಮುಂಚೆ ಒಮ್ಮೆ ಓದಿ, ಚೆಲ್ಲಿ, ಬೆಳಗಿನದಕ್ಕೆ ಕೂಡಿಸಿ. ಅಷ್ಟಾದರೂ ತುಂಬಿ ಹರಿದಿದ್ದರೆ ಅಂದಾಜು ಬೇಡ, ಸ್ಕೇಲು ಮುಗಿದ ಅಂಕಿ ಬರೆದು ಪಕ್ಕದಲ್ಲಿ ‘ಇದಕ್ಕಿಂತ ಜಾಸ್ತಿ’ ಅಂತ ಸೇರಿಸಿ.