ಯಲಹಂಕದಿಂದ ನಂದಿಯವರೆಗೆ: ಪುಟ್ಟ ರೈಲಿನ ಹಳೆಯ ಹಾದಿಯನ್ನು ನೋಡುವುದು ಹೇಗೆ?

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ಹಳೆಯ ಹಳಿಯನ್ನೇ ಹುಡುಕಿಕೊಂಡು ಹೋದವರಿಗೆ ನಿರಾಶೆಯಾಗುತ್ತದೆ. ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲ್ವೆ ಕಂಪನಿಯ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಾದಿ 1915ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತ್ತು. 1990ರ ದಶಕದಲ್ಲಿ ಅದರ ಜಾಗಕ್ಕೆ ಐದೂವರೆ ಅಡಿಯ ಬ್ರಾಡ್‌ಗೇಜ್ ಬಂದಿತು. ಹಳಿ ಹೋದರೂ ಆ ಪುಟ್ಟ ರೈಲಿನ ಅಳತೆಗೆ ತಕ್ಕಂತೆ ಕಟ್ಟಿದ ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ ಮತ್ತು ನಂದಿ ಹಾಲ್ಟ್ ನಿಲ್ದಾಣಗಳು ಉಳಿದುಕೊಂಡಿವೆ. ಆದ್ದರಿಂದ ಈ ದಾರಿಯಲ್ಲಿ ಹೊರಟವರು ಹಳಿಗಿಂತ ಹೆಚ್ಚಾಗಿ ಕಟ್ಟಡಗಳ ಮೇಲೆ ಕಣ್ಣಿಡಬೇಕು.

ಹೊರಡುವ ಮುನ್ನ ಆ ದಿನದ ರೈಲು ವೇಳಾಪಟ್ಟಿಯನ್ನು ಕಡ್ಡಾಯವಾಗಿ ನೋಡಿಕೊಳ್ಳಿ. ಈ ಮಾರ್ಗದಲ್ಲಿ ಓಡುವ ಗಾಡಿಗಳು ಕಡಿಮೆ. ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಹೋಗುವಾಗ ರೈಲು, ಬರುವಾಗ ಬಳ್ಳಾರಿ ರಸ್ತೆಯ ಬಸ್ಸು ಎಂದು ಯೋಜಿಸಿಕೊಂಡರೆ ದಿನ ಹಾಳಾಗುವುದಿಲ್ಲ. ಚಿಕ್ಕಬಳ್ಳಾಪುರದ ಕಡೆಗೆ ಹೋಗುವಾಗ ಎಡಗಡೆಯ ಕಿಟಕಿ ಸಿಕ್ಕಿದರೆ ಒಳ್ಳೆಯದು, ನಂದಿಬೆಟ್ಟ ಆ ಬದಿಗೇ ಕಾಣುತ್ತದೆ.

ದೊಡ್ಡಜಾಲವನ್ನು ರೈಲಿನಿಂದಲೇ ನೋಡಿದರೂ ಸಾಕು. ಅದು ದಾಟಿದ ಮೇಲೆ ಸಿಗುವ ವಿಮಾನ ನಿಲ್ದಾಣದ ಹಾಲ್ಟ್ 2021ರ ಜನವರಿಯಲ್ಲಿ ಆರಂಭವಾದದ್ದು. ಶತಮಾನದ ಅಂತರವಿರುವ ಎರಡು ನಿಲ್ದಾಣಗಳನ್ನು ಒಂದರ ಹಿಂದೆ ಒಂದರಂತೆ ನೋಡಿದಾಗ ಹಳೆಯದು ಎಷ್ಟು ಚಿಕ್ಕದೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಇಳಿಯಬೇಕಾದ ಮೊದಲ ಊರು ದೇವನಹಳ್ಳಿ. ಇಲ್ಲಿ ಗಾಡಿ ಮುಂದೆ ಹೋಗುವವರೆಗೆ ಕಾದು, ಬಳಿಕ ನಿಲ್ದಾಣವನ್ನು ನಿಧಾನವಾಗಿ ಗಮನಿಸಿ. ಹಳೆಯ ಕಟ್ಟಡದ ನೆಲ ಮತ್ತು ಇಂದಿನ ಪ್ಲಾಟ್‌ಫಾರಂಗಳ ಎತ್ತರವನ್ನು ಹೋಲಿಸಿ. ಟಿಕೆಟ್ ಕೊಡುತ್ತಿದ್ದ ಜಾಗ ಯಾವುದು, ಪ್ರಯಾಣಿಕರು ಮಳೆ ಬಿಸಿಲಿಗೆ ಎಲ್ಲಿ ನಿಲ್ಲುತ್ತಿದ್ದರು, ಬಾಗಿಲು ಊರಿನ ಕಡೆಗಿದೆಯೋ ಹಳಿಯ ಕಡೆಗಿದೆಯೋ ಎಂದು ಕೇಳಿಕೊಳ್ಳುತ್ತಾ ಸುತ್ತು ಹಾಕಿ. ಉಗಿಯಂತ್ರಕ್ಕೆ ನೀರು ಬೇಕಿತ್ತಾದ್ದರಿಂದ ಹಳೆಯ ನಿಲ್ದಾಣಗಳ ಆಸುಪಾಸಿನಲ್ಲಿ ಬಾವಿ ಅಥವಾ ನೀರಿನ ತೊಟ್ಟಿಯ ಕುರುಹುಗಳಿವೆಯೇ ಎಂದು ಹುಡುಕುವುದೂ ಉಪಯುಕ್ತ. ಆದರೆ ಹಳಿಯ ಮೇಲೆ ನಡೆಯುವ ಆಸೆಯನ್ನು ಬಿಟ್ಟುಬಿಡಿ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅದಕ್ಕಿಂತ ಮುಖ್ಯವಾಗಿ, ಇದು ಗಾಡಿಗಳು ಓಡುತ್ತಿರುವ ಜೀವಂತ ಮಾರ್ಗ.

ನಿಲ್ದಾಣದಿಂದ ಆಟೋ ಹಿಡಿದು ಕೋಟೆಗೆ ಹೋಗಿ. ಅವತಿಯ ಪಾಳೇಗಾರ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆ ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನದಾಯಿತು. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆಯ ವಶವಾಯಿತು. ಒಳಗೆ ಇಂದಿಗೂ ಜನವಸತಿಯಿದೆಯಾದ್ದರಿಂದ ಮನೆಗಳತ್ತ ಕ್ಯಾಮೆರಾ ತಿರುಗಿಸುವ ಮೊದಲು ಒಂದು ಮಾತು ಕೇಳುವುದು ಮರ್ಯಾದೆ. ವೇಣುಗೋಪಾಲಸ್ವಾಮಿ ದೇವಾಲಯದ ಹೊರಗೋಡೆಗಳಲ್ಲಿ ರಾಮಾಯಣದ ಮತ್ತು ಕೃಷ್ಣನ ಬಾಲಲೀಲೆಯ ಕೆತ್ತನೆಗಳಿವೆ. ಅವುಗಳಿಗೆ ಅರ್ಧ ಗಂಟೆಯನ್ನಾದರೂ ಮೀಸಲಿಡಿ. ಟಿಪ್ಪು ಜನ್ಮಸ್ಥಳದ ಸ್ಮಾರಕ ಕೋಟೆಯ ಹೊರಗಿರುವ ಚಿಕ್ಕ ಕಲ್ಲಿನ ಮಂಟಪ. ಭವ್ಯವಾದದ್ದನ್ನು ನಿರೀಕ್ಷಿಸಬೇಡಿ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮನ್ನಣೆಯಿದೆ, ಹಣ್ಣು ಕಣ್ಣಿಗೆ ಬಿದ್ದರೆ ಒಂದನ್ನು ಕೊಂಡುಕೊಳ್ಳಿ.

ಅವತಿಹಳ್ಳಿ, ವೆಂಕಟಗಿರಿಕೋಟೆ ದಾಟಿದ ಮೇಲೆ ಬರುವ ನಂದಿ ಹಾಲ್ಟ್‌ಗೆ ನನ್ನ ಲೆಕ್ಕದಲ್ಲಿ ಮಿಕ್ಕೆಲ್ಲ ನಿಲ್ದಾಣಗಳಿಗಿಂತ ಹೆಚ್ಚು ಸಮಯ ಕೊಡಬೇಕು. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೋಗುವವರು ಹಿಂದೆ ಇಳಿಯುತ್ತಿದ್ದ ತಾಣವಿದು. ಇಂದು ಬೆಟ್ಟದ ತುದಿಯವರೆಗೂ ಕಾರಿನಲ್ಲಿ ಹೋಗುವವರಿಗೆ ಬುಡದಲ್ಲಿ ಒಂದು ರೈಲು ನಿಲ್ದಾಣವಿರುವುದೇ ಗೊತ್ತಿರುವುದಿಲ್ಲ. ಶಿಥಿಲವಾಗಿದ್ದ ಈ ಮಾರ್ಗದ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರವನ್ನು ಪಾರಂಪರಿಕ ತಾಣಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ವಿಭಾಗ ರೈಲ್ವೆಯ ಜೊತೆಗೂಡಿ ಕೈಗೆತ್ತಿಕೊಂಡಿತು. ಕಟ್ಟಡದ ಸುತ್ತ ನಡೆದು ಹಳೆಯ ಗೋಡೆ ಯಾವುದು, ಹೊಸದಾಗಿ ಕೈಯಾಡಿಸಿದ ಭಾಗ ಯಾವುದು ಎಂದು ಗುರುತಿಸಲು ಪ್ರಯತ್ನಿಸಿ. ಬೆಟ್ಟ ಹಿನ್ನೆಲೆಯಲ್ಲಿ ಬರುವಂತೆ ಚಿತ್ರ ತೆಗೆಯುವುದಾದರೆ ಬೆಳಗಿನ ಬೆಳಕೇ ಸರಿ.

ನಂತರ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋಗಿ. ಒಂಬತ್ತನೆಯ ಶತಮಾನದ ಮೂಲವುಳ್ಳ ಈ ಆವರಣದಲ್ಲಿ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕದಲ್ಲಿದ್ದು, ಅವುಗಳ ನಡುವೆ ಉಮಾಮಹೇಶ್ವರನ ಗುಡಿಯಿದೆ. ಮಂಟಪದ ಕಂಬಗಳನ್ನು ನೋಡಿದ ಮೇಲೆ ಶೃಂಗಿತೀರ್ಥ ಎಂಬ ಮೆಟ್ಟಿಲು ಕಲ್ಯಾಣಿಯ ಬಳಿ ವಿಶ್ರಮಿಸಬಹುದು.

ಸಮಯ ಉಳಿದಿದ್ದರೆ ಬೆಟ್ಟ ಹತ್ತುವುದಕ್ಕಿಂತ ಮುದ್ದೇನಹಳ್ಳಿಗೆ ಹೋಗಿಬನ್ನಿ ಎಂಬುದು ನನ್ನ ಸಲಹೆ. ಈ ಪುಟ್ಟ ರೈಲು ಓಡಲಾರಂಭಿಸಿದ 1915ರಲ್ಲಿ ಮೈಸೂರಿನ ದಿವಾನರಾಗಿದ್ದವರು ಇದೇ ಊರಿನ ಸರ್ ಎಂ. ವಿಶ್ವೇಶ್ವರಯ್ಯನವರು, ಅವರ ಮನೆ ಈಗ ಸ್ಮಾರಕವಾಗಿದೆ, ಸಮಾಧಿಯೂ ಅಲ್ಲಿಯೇ ಇದೆ. ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಬಂದರೆ ಸಂಜೆ ಬೆಂಗಳೂರಿಗೆ ಬಸ್ಸಿಗೆ ಕೊರತೆಯಿಲ್ಲ.